ಕಾಗೋಡಿನಿಂದ ಜಾಕ್ಸನ್‌ವರೆಗೆ: ಡಾ. ರಾಮಮನೋಹರ ಲೋಹಿಯಾ



ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಓದುತ್ತಿದ್ದೇನೆ. ನಮ್ಮ ಮನೆಮಾತು ಉರ್ದು. ಏಳನೇ ತರಗತಿಯವರೆಗೆ ಉರ್ದು ಶಾಲೆಯಲ್ಲೇ ಕಲಿತವಳು. ಆದ್ದರಿಂದ ನನ್ನ ಕನ್ನಡದಲ್ಲಿ ತಪ್ಪು ಕಂಡರೆ ದಯವಿಟ್ಟು ತಿದ್ದಿಕೊಂಡು ಓದಿ. ಮಹನೀಯರೊಬ್ಬರ ಜೀವನವನ್ನು ಬರೆದು ಕೊಡಬೇಕೆಂದು ನಮ್ಮ ಕನ್ನಡ ಉಪನ್ಯಾಸಕರು ಹೇಳಿದಾಗ ತರಗತಿಯಲ್ಲಿ ಹೆಚ್ಚಿನವರು ಅಬ್ದುಲ್ ಕಲಾಂ, ಮೌಲಾನಾ ಆಜಾದ್, ಕುವೆಂಪು ಎಂದು ಹೆಸರು ಬರೆಸಿದರು. ನಾನು ಲೋಹಿಯಾ ಎಂದು ಬರೆಸಿದೆ. ಆ ಹೆಸರು ನನಗೆ ಪುಸ್ತಕದಲ್ಲಿ ಸಿಕ್ಕಿದ್ದಲ್ಲ, ಹೊನ್ನೆಮರಡಿನಲ್ಲಿ ಸಿಕ್ಕಿದ್ದು.

ನನ್ನ ಅಬ್ಬಾ ಲಗೇಜ್ ಆಟೋದಲ್ಲಿ ದಿನಸಿ ಸಾಮಾನು ತುಂಬಿಕೊಂಡು ತಾಳಗುಪ್ಪದ ಸುತ್ತಮುತ್ತಲಿನ ಹಳ್ಳಿಗಳ ಅಂಗಡಿಗಳಿಗೆ ಹಾಕುತ್ತಾರೆ. ರಜೆಯ ದಿನ ಲೆಕ್ಕ ಬರೆದುಕೊಳ್ಳಲು ನಾನೂ ಜೊತೆಗೆ ಹೋಗುತ್ತೇನೆ. ಹೊನ್ನೆಮರಡು ನಿಮಗೆಲ್ಲ ಗೊತ್ತಿರುವ ಊರು. ಶರಾವತಿ ಹಿನ್ನೀರಿನ ದಡದಲ್ಲಿದೆ. ದೋಣಿ ನಡೆಸಲು, ಟೆಂಟ್ ಹಾಕಿ ಉಳಿಯಲು ದೂರದೂರದಿಂದ ಜನ ಬರುತ್ತಾರೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದು ಮನೆಯ ಜಗಲಿಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಕೂತಿರುತ್ತಾರೆ. ದೀವರ ಸಮುದಾಯದವರು. ಅವರ ತವರು ಕಾಗೋಡಿನ ಹತ್ತಿರ. ಒಂದು ದಿನ ನಾನು ಅಂಗಡಿಯವರಿಗೆ ಅಕ್ಕಿ ತೂಗಿ ಕೊಡುವುದನ್ನು ನೋಡಿ ಅವರು ನಕ್ಕರು. ಈಗ ಎಲ್ಲರಿಗೂ ಒಂದೇ ತಕ್ಕಡಿ, ನಮ್ಮ ಅಪ್ಪನ ಕಾಲದಲ್ಲಿ ಹಾಗಿರಲಿಲ್ಲ ಎಂದರು. ಆಮೇಲೆ ಕೊಳಗದ ಕಥೆ ಹೇಳಿದರು. ಅದರ ನಡುವೆ ಲೋಯಾ ಎಂಬ ಒಬ್ಬರು ಬಂದಿದ್ದರು ಎಂದರು. ಅವರಿಗೆ ಆಗ ಎಂಟೋ ಹತ್ತೋ ವರ್ಷ. ಜನರ ಗುಂಪು ಮಾತ್ರ ಕಂಡಿತಂತೆ, ಆ ಮನುಷ್ಯ ಕಾಣಲಿಲ್ಲವಂತೆ. ಲೋಯಾ ಎಂದರೆ ಲೋಹಿಯಾ ಎಂದು ನನಗೆ ತಿಳಿದದ್ದು ನಮ್ಮ ಗ್ರಂಥಾಲಯಕ್ಕೆ ಬಂದ ಮೇಲೆ.

ರಾಮಮನೋಹರ ಲೋಹಿಯಾ ಹುಟ್ಟಿದ್ದು 1910ರ ಮಾರ್ಚ್ 23ರಂದು, ಉತ್ತರ ಪ್ರದೇಶದ ಅಕ್ಬರ್‌ಪುರದಲ್ಲಿ. ಅವರದು ವ್ಯಾಪಾರಿ ಮನೆತನ. ಲೋಹಾ ಎಂದರೆ ಕಬ್ಬಿಣ, ಕಬ್ಬಿಣದ ವ್ಯಾಪಾರದಿಂದ ಬಂದ ಹೆಸರು ಲೋಹಿಯಾ. ಮಗು ಚಿಕ್ಕದಿರುವಾಗಲೇ ತಾಯಿ ತೀರಿಕೊಂಡರು. ತಂದೆ ಹೀರಾಲಾಲ್ ಗಾಂಧೀಜಿಯವರ ಅನುಯಾಯಿ. ಮಗನನ್ನೂ ಗಾಂಧೀಜಿಯವರ ಬಳಿಗೆ ಕರೆದುಕೊಂಡು ಹೋಗಿದ್ದರು. ಮುಂಬಯಿಯಲ್ಲಿ ಮೆಟ್ರಿಕ್, ಬನಾರಸ್‌ನಲ್ಲಿ ಇಂಟರ್‌ಮೀಡಿಯೆಟ್, 1929ರಲ್ಲಿ ಕಲ್ಕತ್ತೆಯಲ್ಲಿ ಬಿ.ಎ. ಮುಗಿಸಿದರು.

ಮುಂದಿನ ಓದಿಗೆ ಆಗಿನ ಹುಡುಗರೆಲ್ಲ ಇಂಗ್ಲೆಂಡಿಗೆ ಹೋಗುತ್ತಿದ್ದರು. ನಮ್ಮನ್ನು ಆಳುವವರ ದೇಶ ಬೇಡವೆಂದು ಲೋಹಿಯಾ ಜರ್ಮನಿಯ ಬರ್ಲಿನ್‌ಗೆ ಹೋದರು. ಅಲ್ಲಿ ಸೊಂಬಾರ್ಟ್ ಎಂಬ ದೊಡ್ಡ ಅರ್ಥಶಾಸ್ತ್ರಜ್ಞರಿದ್ದರು. ಅವರನ್ನು ಇಂಗ್ಲಿಷಿನಲ್ಲಿ ಮಾತಾಡಿಸಿದಾಗ ತನಗೆ ಆ ಭಾಷೆ ಬರುವುದಿಲ್ಲ ಎಂದರಂತೆ. ಲೋಹಿಯಾ ಹೊರಟುಹೋಗಿ, ಮೂರು ತಿಂಗಳಲ್ಲಿ ಜರ್ಮನ್ ಕಲಿತು ಬಂದು ಮತ್ತೆ ಅವರ ಮುಂದೆ ನಿಂತರು. ಇದನ್ನು ಓದಿದಾಗ ನನಗೆ ಧೈರ್ಯ ಬಂತು. ಎಂಟನೇ ತರಗತಿಯಲ್ಲಿ ನಾನು ಕನ್ನಡ ಮಾಧ್ಯಮಕ್ಕೆ ಬಂದಾಗ ಅರ್ಧ ವರ್ಷ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿದ್ದೆ. ಲೋಹಿಯಾ ಅವರು ಬರೆದ ಡಾಕ್ಟರೇಟ್ ಪ್ರಬಂಧ ಭಾರತದ ಉಪ್ಪಿನ ತೆರಿಗೆಯ ಬಗ್ಗೆ. ಬಡವನೂ ಶ್ರೀಮಂತನೂ ಒಂದೇ ಅಳತೆಯ ಉಪ್ಪು ತಿನ್ನುತ್ತಾರೆ. ಆದ್ದರಿಂದ ಉಪ್ಪಿನ ಮೇಲಿನ ತೆರಿಗೆ ಬಡವನಿಗೇ ಹೆಚ್ಚು ಭಾರ. ಪರೋಕ್ಷ ತೆರಿಗೆಯ ಪಾಠದಲ್ಲಿ ನಾವು ಓದುವುದೂ ಇದನ್ನೇ.

1933ರಲ್ಲಿ ಅವರು ಭಾರತಕ್ಕೆ ಮರಳಿದರು. 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷ ಕಟ್ಟಿದವರಲ್ಲಿ ಒಬ್ಬರಾದರು. 1936ರಲ್ಲಿ ನೆಹರೂ ಅವರು ಕಾಂಗ್ರೆಸ್ಸಿನ ವಿದೇಶಾಂಗ ವಿಭಾಗವನ್ನು ಅವರಿಗೆ ವಹಿಸಿದರು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಭೂಗತರಾಗಿ ಉಷಾ ಮೆಹ್ತಾ ಮುಂತಾದವರ ಜೊತೆ ಗುಪ್ತ ಕಾಂಗ್ರೆಸ್ ರೇಡಿಯೊ ನಡೆಸಿದರು. 1944ರಲ್ಲಿ ಸಿಕ್ಕಿಬಿದ್ದರು. ಲಾಹೋರ್ ಕೋಟೆಯಲ್ಲಿ ಪೊಲೀಸರು ನಿದ್ದೆ ಮಾಡಲು ಬಿಡದೆ ಹಿಂಸೆ ಕೊಟ್ಟರು. 1946ರ ಏಪ್ರಿಲ್‌ನಲ್ಲಿ ಬಿಡುಗಡೆಯಾಯಿತು. ವಿಶ್ರಾಂತಿಗೆಂದು ಗೋವಾದ ಗೆಳೆಯ ಡಾ. ಜೂಲಿಯೋ ಮೆನೆಜಿಸ್ ಅವರ ಮನೆಗೆ ಹೋದರು. ಅಲ್ಲಿ ಪೋರ್ಚುಗೀಸರು ಸಭೆ ಸೇರಲೂ ಅನುಮತಿ ಕೇಳಬೇಕೆಂದು ನಿಯಮ ಮಾಡಿದ್ದರು. 1946ರ ಜೂನ್ 18ರಂದು ಮಡಗಾಂವ್‌ನಲ್ಲಿ ಲೋಹಿಯಾ ಅನುಮತಿ ಇಲ್ಲದೆ ಸಭೆ ನಡೆಸಲು ಹೋಗಿ ಬಂಧಿತರಾದರು. ಗೋವಾ ವಿಮೋಚನೆಯ ಹೋರಾಟ ಅಲ್ಲಿಂದ ಹೊಸದಾಗಿ ಶುರುವಾಯಿತು.

ಈಗ ನಮ್ಮ ಊರಿನ ಕಥೆಗೆ ಬರುತ್ತೇನೆ.

ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಸಂವಿಧಾನವೂ ಬಂದಿತ್ತು. ಆದರೆ ಸಾಗರ ತಾಲೂಕಿನ ಗೇಣಿದಾರರಿಗೆ ಏನೂ ಬದಲಾಗಿರಲಿಲ್ಲ. ಉಳುವವರು ಹೆಚ್ಚಾಗಿ ದೀವರು, ಜಮೀನಿನ ಒಡೆಯರು ಮೇಲಿನ ಜಾತಿಗಳವರು. ಬೆಳೆದ ಭತ್ತದಲ್ಲಿ ಗೇಣಿಯನ್ನು ಕೊಳಗದಲ್ಲಿ ಅಳೆದು ಕೊಡಬೇಕು. ಆ ಕೊಳಗ ಇರುವುದು ಒಡೆಯರ ಮನೆಯಲ್ಲಿ. ಅಳೆದು ತೆಗೆದುಕೊಳ್ಳುವಾಗ ದೊಡ್ಡ ಕೊಳಗ ಹೊರಗೆ ಬರುತ್ತಿತ್ತು. ಅಜ್ಜಿ ಹೇಳುವ ಪ್ರಕಾರ ಅವರ ಅಪ್ಪ ಮನೆಯಲ್ಲಿ ಎಣಿಸಿಕೊಂಡು ಹೋದ ಲೆಕ್ಕ ಅಲ್ಲಿ ಯಾವತ್ತೂ ಸರಿ ಬರುತ್ತಿರಲಿಲ್ಲ. ತಾನೇ ತಪ್ಪು ಎಣಿಸಿದೆನೆಂದು ಅವರು ಎಷ್ಟೋ ವರ್ಷ ನಂಬಿದ್ದರಂತೆ. ಇದಲ್ಲದೆ ಒಡೆಯರ ಮನೆಯಲ್ಲಿ ಬಿಟ್ಟಿ ಕೆಲಸ ಮಾಡಬೇಕು, ಜಗಲಿಯ ಮೇಲೆ ಕೂರಬಾರದು, ಮೊಣಕಾಲಿನ ಕೆಳಗೆ ಬರುವಂತೆ ಪಂಚೆ ಉಡಬಾರದು.

ಎಚ್. ಗಣಪತಿಯಪ್ಪನವರು ಊರೂರು ತಿರುಗಿ ರೈತ ಸಂಘ ಕಟ್ಟಿದರು. ಸರಿಯಾದ ಕೊಳಗ ಬೇಕು, ರಸೀದಿ ಬೇಕು, ಬಿಟ್ಟಿ ಕೆಲಸ ನಿಲ್ಲಬೇಕು ಎಂದು ಗೇಣಿದಾರರು ಕೇಳಿದರು. ಕೇಳಿದ್ದಕ್ಕೆ ಜಮೀನಿನಿಂದ ಹೊರಹಾಕಲಾಯಿತು. 1951ರ ಏಪ್ರಿಲ್‌ನಲ್ಲಿ ಕಾಗೋಡು ಸತ್ಯಾಗ್ರಹ ಶುರುವಾಯಿತು. ತಂಡ ತಂಡವಾಗಿ ನೇಗಿಲು ಹಿಡಿದು ಗದ್ದೆಗೆ ಇಳಿಯುವುದು, ಬಂಧನವಾಗುವುದು, ಮರುದಿನ ಇನ್ನೊಂದು ತಂಡ ಇಳಿಯುವುದು. ಹೆಂಗಸರೂ ಇಳಿದರು. ತೀರ್ಥಹಳ್ಳಿ ತಾಲೂಕಿನ ಆರಗದವರಾದ ಶಾಂತವೇರಿ ಗೋಪಾಲಗೌಡರು ಸಮಾಜವಾದಿ ಪಕ್ಷದ ಪರವಾಗಿ ಈ ಹೋರಾಟಕ್ಕೆ ಶಕ್ತಿ ತುಂಬಿದರು. ಆಗ ಅವರಿಗೆ ಮೂವತ್ತು ವರ್ಷವೂ ಆಗಿರಲಿಲ್ಲ.

ಜೂನ್ ತಿಂಗಳಲ್ಲಿ ಲೋಹಿಯಾ ಸಾಗರಕ್ಕೆ ಬಂದರು. ಮಲೆನಾಡಿನ ಜೂನ್ ಎಂದರೆ ಹೇಗಿರುತ್ತದೆಂದು ನಿಮಗೆ ಗೊತ್ತು. ಬರ್ಲಿನ್‌ನಲ್ಲಿ ಡಾಕ್ಟರೇಟ್ ಪಡೆದ, ಗಾಂಧಿ ನೆಹರೂ ಜೊತೆ ಕೆಲಸ ಮಾಡಿದ ಮನುಷ್ಯ ಕಾಗೋಡಿನ ಗದ್ದೆಗೆ ಹೋಗಿ ರೈತರ ಜೊತೆ ನಿಂತರು. ಸಾಗರದಲ್ಲೇ ಅವರನ್ನು ಬಂಧಿಸಲಾಯಿತು. ಸ್ವತಂತ್ರ ಭಾರತದ ಪೊಲೀಸರೇ ಬಂಧಿಸಿದರು. ಇಡೀ ದೇಶದ ಪತ್ರಿಕೆಗಳಲ್ಲಿ ಕಾಗೋಡು ಎಂಬ ಸಣ್ಣ ಹಳ್ಳಿಯ ಹೆಸರು ಬಂತು.

ಅದೇ 1951ರಲ್ಲಿ, ಕಾಗೋಡಿನ ಬಂಧನದ ಬೆನ್ನಿಗೇ, ಲೋಹಿಯಾ ಅಮೆರಿಕ ಪ್ರವಾಸಕ್ಕೆ ಹೋದರು. ಐನ್‌ಸ್ಟೀನ್ ಅವರನ್ನು ಭೇಟಿಯಾದರು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಕಾಲೇಜುಗಳಿಗೂ ಹೋಗಿ ಅನ್ಯಾಯದ ಕಾನೂನನ್ನು ಶಾಂತಿಯಿಂದ ಮುರಿಯುವ ಸತ್ಯಾಗ್ರಹದ ದಾರಿಯ ಬಗ್ಗೆ ಮಾತಾಡಿದರು. ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ತಮ್ಮ ಆಸನ ಬಿಟ್ಟುಕೊಡಲು ಒಪ್ಪದೆ ಬಂಧಿತರಾದದ್ದು ಇದಾಗಿ ನಾಲ್ಕು ವರ್ಷದ ಮೇಲೆ, 1955ರ ಡಿಸೆಂಬರ್ 1ರಂದು.

ಅವರು ಮತ್ತೆ ಅಮೆರಿಕಕ್ಕೆ ಹೋದದ್ದು 1964ರಲ್ಲಿ. ಆಗ ಲೋಕಸಭಾ ಸದಸ್ಯರಾಗಿದ್ದರು. ಮಿಸಿಸಿಪ್ಪಿ ರಾಜ್ಯದ ರಾಜಧಾನಿ ಜಾಕ್ಸನ್. ಅದರ ಹತ್ತಿರ ಟುಗಲೂ ಎಂಬ ಕಪ್ಪು ವಿದ್ಯಾರ್ಥಿಗಳ ಕಾಲೇಜು ಇದೆ. ಹಿಂದಿನ ವರ್ಷ, 1963ರ ಮೇ 28ರಂದು, ಆ ಕಾಲೇಜಿನ ವಿದ್ಯಾರ್ಥಿಗಳು ಜಾಕ್ಸನ್‌ನ ಒಂದು ಅಂಗಡಿಯ ಊಟದ ಕಟ್ಟೆಯಲ್ಲಿ ಹೋಗಿ ಕೂತಿದ್ದರು. ಅದು ಬಿಳಿಯರಿಗೆ ಮಾತ್ರ ಮೀಸಲು. ಸುತ್ತ ಸೇರಿದ ಗುಂಪು ಅವರ ತಲೆಯ ಮೇಲೆ ಸಕ್ಕರೆ, ಸಾಸ್ ಸುರಿದು ಹೊಡೆಯಿತು. ಅವರು ಏಳಲಿಲ್ಲ. ಅವರೆಲ್ಲ ನಮಗಿಂತ ಕೆಲವೇ ವರ್ಷ ದೊಡ್ಡವರಷ್ಟೇ. ಎರಡು ವಾರದ ನಂತರ ಅದೇ ಊರಿನಲ್ಲಿ ಹೋರಾಟಗಾರ ಮೆಡ್ಗರ್ ಎವರ್ಸ್ ಅವರನ್ನು ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಂದರು.

ಅಂಥ ಊರಿಗೆ ಲೋಹಿಯಾ ಹೋದರು. 1964ರ ಮೇ 27ರಂದು ಮಾರಿಸನ್ಸ್ ಎಂಬ ಉಪಾಹಾರ ಗೃಹದ ಬಾಗಿಲಲ್ಲಿ ಅವರನ್ನು ತಡೆದರು. ಕಾರಣ ಮೈಬಣ್ಣ. ಮರುದಿನ ಅವರು ಮತ್ತೆ ಅಲ್ಲಿಗೇ ಹೋದರು, ಧೋತರ ಕುರ್ತಾ ಉಟ್ಟುಕೊಂಡು. ಹೊರಟು ಹೋಗಿ ಎಂದಾಗ ಹೋಗಲಿಲ್ಲ. ಪೊಲೀಸರು ಬಂಧಿಸಿ ವ್ಯಾನಿನಲ್ಲಿ ಕೂರಿಸಿಕೊಂಡು ಹೋದರು, ಸ್ವಲ್ಪ ಹೊತ್ತಿನ ಮೇಲೆ ಬಿಟ್ಟರು. ಇತ್ತ ದೆಹಲಿಯಲ್ಲಿ ಆ ಮೇ 27ರಂದೇ ನೆಹರೂ ತೀರಿಕೊಂಡಿದ್ದರು.

ಭಾರತದ ಸಂಸದರನ್ನು ಬಂಧಿಸಿದ್ದು ತಿಳಿದು ಅಮೆರಿಕ ಸರ್ಕಾರಕ್ಕೆ ಮುಜುಗರವಾಯಿತು, ಕ್ಷಮೆ ಕೇಳಿತು. ಲೋಹಿಯಾ ಅದನ್ನು ತಮ್ಮ ಗೌರವದ ಪ್ರಶ್ನೆಯೆಂದು ತೆಗೆದುಕೊಳ್ಳಲಿಲ್ಲ. ಕ್ಷಮೆ ಕೇಳುವುದಾದರೆ ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಮುಂದೆ ಕೇಳಬೇಕೆಂಬ ಅರ್ಥದಲ್ಲಿ ಉತ್ತರಿಸಿದರು. ನಾನು ಈ ಭಾಗವನ್ನು ಎರಡು ಮೂರು ಸಲ ಓದಿದೆ. ವಿದೇಶಿ ಅತಿಥಿ ಎಂಬ ಕಾರಣಕ್ಕೆ ಅವರಿಗೊಂದು ರಿಯಾಯಿತಿ ಸಿಗುತ್ತಿತ್ತು. ಆ ಬಾಗಿಲಲ್ಲಿ ದಿನವೂ ತಡೆಯಲ್ಪಡುವ ಜಾಕ್ಸನ್‌ನ ಕಪ್ಪು ಮನುಷ್ಯನಿಗೆ ಯಾರೂ ಕ್ಷಮೆ ಕೇಳುತ್ತಿರಲಿಲ್ಲ. ತನಗೆ ಮಾತ್ರ ಸಿಗುವ ರಿಯಾಯಿತಿ ಬೇಡ ಎಂದರು ಅವರು. ಐದು ವಾರದ ನಂತರ, ಜುಲೈ 2ರಂದು, ಹೋಟೆಲು, ಚಿತ್ರಮಂದಿರಗಳಲ್ಲಿ ಬಣ್ಣದ ಭೇದ ಮಾಡುವುದನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಕಾಯ್ದೆಗೆ ಅಮೆರಿಕದ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು.

ಕಾಯ್ದೆ ಬಂದ ಮೇಲೆ ಎಲ್ಲ ಮುಗಿಯಿತಲ್ಲ, ಇನ್ನೂ ಯಾಕೆ ಅಲ್ಲಿ ಜನ ಬೀದಿಗೆ ಇಳಿಯುತ್ತಾರೆ ಎಂಬ ಪ್ರಶ್ನೆ ನನಗೂ ಇತ್ತು. ಉತ್ತರ ಸಿಕ್ಕಿದ್ದು ನಮ್ಮ ಲೆಕ್ಕಶಾಸ್ತ್ರದಲ್ಲಿ. ಒಂದು ವರ್ಷದ ಅಂತಿಮ ಶಿಲ್ಕು ಮುಂದಿನ ವರ್ಷದ ಪ್ರಾರಂಭಿಕ ಶಿಲ್ಕು ಆಗುತ್ತದೆ. ಹಳೆಯ ಪುಸ್ತಕ ಮುಚ್ಚಿದ ಮಾತ್ರಕ್ಕೆ ಹಳೆಯ ಶಿಲ್ಕು ಸೊನ್ನೆಯಾಗುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಎರಡನೇ ಮಹಾಯುದ್ಧದಿಂದ ಮರಳುವ ಸೈನಿಕರಿಗೆ ಓದಲು, ಮನೆ ಕಟ್ಟಲು ನೆರವಾಗಲೆಂದು ಅಮೆರಿಕ ಸರ್ಕಾರ 1944ರಲ್ಲಿ ಒಂದು ಕಾನೂನು ಮಾಡಿತು. ಕಾನೂನಿನಲ್ಲಿ ಬಣ್ಣದ ಮಾತೇ ಇಲ್ಲ. ಆದರೆ ಸಾಲ ಕೊಡಬೇಕಾದವರು ಊರಿನ ಬ್ಯಾಂಕಿನವರು. 1947ರ ಹೊತ್ತಿಗೆ ಮಿಸಿಸಿಪ್ಪಿಯಲ್ಲಿ ಹೀಗೆ ಕೊಟ್ಟ 3,200ಕ್ಕೂ ಹೆಚ್ಚು ಸಾಲಗಳಲ್ಲಿ ಕಪ್ಪು ಸೈನಿಕರಿಗೆ ಸಿಕ್ಕಿದ್ದು ಎರಡು. ಇಬ್ಬರೂ ಒಂದೇ ಯುದ್ಧ ಮಾಡಿ ಬಂದವರು. ಬಿಳಿಯ ಸೈನಿಕ ಮನೆ ಕಟ್ಟಿದ, ಮನೆಯ ಬೆಲೆ ಏರಿತು, ಅದನ್ನು ಅಡವಿಟ್ಟು ಮಗನನ್ನು ಓದಿಸಿದ, ಮೊಮ್ಮಗನಿಗೆ ಬಿಟ್ಟುಹೋದ. ಆ ಮೊಮ್ಮಗ ಒಳ್ಳೆಯ ಹುಡುಗನೇ ಇರಬಹುದು, ಯಾರನ್ನೂ ಬೈದಿರಲಿಕ್ಕಿಲ್ಲ. ತಾನು ಕಷ್ಟಪಟ್ಟು ಮೇಲೆ ಬಂದೆ ಎಂದು ಪ್ರಾಮಾಣಿಕವಾಗಿ ನಂಬಿರಬಹುದು. ಕಷ್ಟ ಪಟ್ಟಿರುವುದೂ ನಿಜ. ಆದರೆ ಅವನ ಪುಸ್ತಕದಲ್ಲಿ ಒಂದು ಪ್ರಾರಂಭಿಕ ಶಿಲ್ಕು ಇತ್ತು, ಇನ್ನೊಬ್ಬನ ಪುಸ್ತಕದಲ್ಲಿ ಇರಲಿಲ್ಲ. ಬಿಳಿಯರಿಗೆ ಹುಟ್ಟಿನಿಂದ ಬರುವ ಅನುಕೂಲ ಎಂದರೆ ಇದು. ವ್ಯವಸ್ಥೆಯೊಳಗಿನ ವರ್ಣಭೇದ ಎಂದರೂ ಇದೇ. ಕೆಟ್ಟ ಮನುಷ್ಯ ಒಬ್ಬನೂ ಇಲ್ಲದಿದ್ದರೂ ಅದು ನಡೆದುಕೊಂಡು ಹೋಗುತ್ತದೆ.

ಹೊನ್ನೆಮರಡಿನ ಅಜ್ಜಿಯ ಮನೆಯಲ್ಲಿಯೂ ಹೀಗೆಯೇ ಆಯಿತು. ಜಾಕ್ಸನ್‌ನಲ್ಲಿ ಲೋಹಿಯಾ ಬಂಧನವಾದ 1964ರಲ್ಲೇ ಇಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಿತು. ಅಜ್ಜಿಯ ಗಂಡನ ಮನೆಯವರು ತಲೆಮಾರುಗಳಿಂದ ಉಳುತ್ತಿದ್ದ ಗದ್ದೆ ಮುಳುಗಿತು. ಕಾಗದದಲ್ಲಿ ಹೆಸರು ಒಡೆಯರದು, ಆದ್ದರಿಂದ ಪರಿಹಾರದ ಹಣವೂ ಅವರಿಗೇ ಹೋಯಿತಂತೆ. ಕಾನೂನು ಪ್ರಕಾರವೇ ಹೋಯಿತು. ಇವರು ಪಾತ್ರೆ, ದನ ಕಟ್ಟಿಕೊಂಡು ಗುಡ್ಡ ಹತ್ತಿದರು. ನಾವು ಫೋಟೋ ತೆಗೆಸಿಕೊಳ್ಳುವ ನೀರಿನ ಕೆಳಗೆ ಅವರ ಪ್ರಾರಂಭಿಕ ಶಿಲ್ಕು ಇದೆ.

ಅಮೆರಿಕದ ಬಣ್ಣ ಮತ್ತು ಭಾರತದ ಜಾತಿ ಎರಡನ್ನೂ ಲೋಹಿಯಾ ಒಟ್ಟಿಗೆ ಇಟ್ಟು ನೋಡಿದರು. ಜಗತ್ತಿನಲ್ಲಿ ಏಳು ಕ್ರಾಂತಿಗಳು ಒಟ್ಟಿಗೇ ನಡೆಯಬೇಕೆಂದು ಅವರು ಹೇಳುತ್ತಿದ್ದರು. ಗಂಡು ಹೆಣ್ಣಿನ ಸಮಾನತೆ ಅದರಲ್ಲಿ ಒಂದು. ಮೈಬಣ್ಣದ ಅಸಮಾನತೆಯ ವಿರುದ್ಧ ಇನ್ನೊಂದು, ಜಾತಿಯ ವಿರುದ್ಧ ಮತ್ತೊಂದು. ಒಂದು ಮುಗಿಯಲಿ, ಆಮೇಲೆ ಇನ್ನೊಂದು ನೋಡೋಣ ಎನ್ನುವುದನ್ನು ಅವರು ಒಪ್ಪಲಿಲ್ಲ. ಸೌಂದರ್ಯ ಮತ್ತು ಮೈಬಣ್ಣದ ಬಗ್ಗೆ ಒಂದು ಲೇಖನವನ್ನೇ ಬರೆದಿದ್ದಾರೆ. ಬಿಳಿ ಬಣ್ಣ ಚೆಂದ ಎಂದು ಜಗತ್ತು ನಂಬಿರುವುದಕ್ಕೆ ಕಾರಣ ಕೆಲವು ನೂರು ವರ್ಷ ಬಿಳಿಯರು ಆಳಿದ್ದು. ಆಫ್ರಿಕದವರು ಆಳಿದ್ದರೆ ಕವಿಗಳು ಕಪ್ಪು ಚರ್ಮವನ್ನೇ ಹಾಡಿ ಹೊಗಳುತ್ತಿದ್ದರು ಎಂಬುದು ಅವರ ವಾದ. ಕಪ್ಪು ಮೈಬಣ್ಣದ, ಬುದ್ಧಿವಂತೆಯಾದ ದ್ರೌಪದಿಯನ್ನು ಅವರು ಬಹಳ ಮೆಚ್ಚುತ್ತಿದ್ದರು. ಈ ಭಾಗವನ್ನು ನಾನು ಉರ್ದುವಿನಲ್ಲಿ ನನ್ನ ಆಪಾಗೆ ಓದಿ ಹೇಳಿದೆ. ಆಪಾ ಬಿ.ಕಾಂ. ಮೊದಲ ದರ್ಜೆಯಲ್ಲಿ ಮುಗಿಸಿದ್ದಾಳೆ. ಮೂರು ಸಂಬಂಧಗಳು ಬಂದು ನೋಡಿ ಹೋದವು, ಹುಡುಗಿ ಸಾಂವ್ಲಿ ಎಂದು ತಿಳಿಸಿದವು. ನಮ್ಮ ತಿಂಗಳ ಸಾಮಾನು ಪಟ್ಟಿಯಲ್ಲಿ ಬೆಳ್ಳಗಾಗುವ ಕ್ರೀಮಿಗೆ ಒಂದು ಸಾಲು ಇದೆ. ಆಪಾ ಕೇಳಿ ಏನೂ ಹೇಳಲಿಲ್ಲ. ಮುಂದಿನ ತಿಂಗಳ ಪಟ್ಟಿಯಲ್ಲಿ ಆ ಸಾಲು ಇರಲಿಲ್ಲ.

ನಮಗೆ ಇದೆಲ್ಲ ಹೊಸ ಪಾಠವಾಗಬಾರದಿತ್ತು. ಕಪ್ಪು ಗುಲಾಮರಾಗಿದ್ದ ಹಜ್ರತ್ ಬಿಲಾಲ್ ಅವರು ಮೊದಲ ಮುಅಝ್ಝಿನ್ ಆದದ್ದನ್ನು ನಾವು ಮದರಸಾದಲ್ಲೇ ಕಲಿತಿದ್ದೇವೆ. ಪ್ರವಾದಿಯವರು ಕೊನೆಯ ಹಜ್ ಯಾತ್ರೆಯಲ್ಲಿ ಅರಬನಿಗೂ ಅರಬನಲ್ಲದವನಿಗೂ, ಬಿಳಿಯನಿಗೂ ಕರಿಯನಿಗೂ ಮೇಲು ಕೀಳು ಇಲ್ಲವೆಂದು ತಿಳಿಸಿದ್ದನ್ನು ಎಷ್ಟೋ ಸಲ ಕೇಳಿದ್ದೇವೆ. ಅಮೆರಿಕದ ಕಪ್ಪು ನಾಯಕ ಮಾಲ್ಕಂ ಎಕ್ಸ್ 1964ರ ಏಪ್ರಿಲ್‌ನಲ್ಲಿ ಹಜ್ ಮಾಡಿದಾಗ ಬಿಳಿಯರೂ ಕರಿಯರೂ ಒಂದೇ ತಟ್ಟೆಯಲ್ಲಿ ಉಂಡು ಒಂದೇ ಸಾಲಿನಲ್ಲಿ ನಮಾಜ್ ಮಾಡುವುದನ್ನು ಕಂಡು ತಮ್ಮ ಎಷ್ಟೋ ಅಭಿಪ್ರಾಯ ಬದಲಿಸಿಕೊಂಡರು. ಅದಾಗಿ ತಿಂಗಳ ನಂತರ ಲೋಹಿಯಾ ಜಾಕ್ಸನ್‌ನಲ್ಲಿದ್ದರು.

ನಾವು ಕಾಲೇಜಿಗೆಂದು ಪೇಟೆಗೆ ಬಂದಾಗ ಬಾಡಿಗೆ ಮನೆ ಹುಡುಕಿದೆವು. ಫೋನಿನಲ್ಲಿ ಮನೆ ಖಾಲಿ ಇದೆ ಎನ್ನುತ್ತಿದ್ದರು. ಅಬ್ಬಾ ಹೆಸರು ಹೇಳಿದ ಮೇಲೆ ಈಗಷ್ಟೇ ಬೇರೆಯವರು ಮುಂಗಡ ಕೊಟ್ಟರು ಎನ್ನುತ್ತಿದ್ದರು. ನಾಲ್ಕು ಮನೆಗಳಲ್ಲಿ ಹೀಗಾಯಿತು. ಯಾರೂ ಒರಟಾಗಿ ಮಾತಾಡಲಿಲ್ಲ. ಒಬ್ಬರು ಕಾಫಿಯನ್ನೂ ಕೊಟ್ಟರು. ಅಂದು ರಾತ್ರಿ ನಾನು ಅತ್ತೆ. ಲೋಹಿಯಾ ಬಗ್ಗೆ ಓದುವಾಗ ನನ್ನನ್ನು ನಾನು ಜಾಕ್ಸನ್‌ನ ಬಾಗಿಲಿನ ಹೊರಗೆ ನಿಂತವಳೆಂದೇ ಅಂದುಕೊಂಡಿದ್ದೆ.

ಒಂದು ಸಂಜೆ ಓದುತ್ತಾ ಅಡುಗೆಮನೆಯಲ್ಲಿ ಕೂತಿದ್ದೆ. ಅಬ್ಬಾನ ಆಟೋಗೆ ಮೂಟೆ ಏರಿಸಲು ಒಬ್ಬ ಅಣ್ಣ ಬರುತ್ತಾರೆ. ದಲಿತ ಕೇರಿಯವರು. ಅವರಿಗೆ ಚಹಾ ಕೊಡಲು ಹಿಂದಿನ ಕಿಟಕಿಯ ಮೇಲೆ ಒಂದು ಸ್ಟೀಲ್ ಲೋಟ ಇದೆ. ನಾನು ಹುಟ್ಟುವ ಮೊದಲಿನಿಂದ ಅಲ್ಲೇ ಇದೆ. ಅದನ್ನು ಅವರೇ ತೊಳೆದು ಅಲ್ಲೇ ಇಡುತ್ತಾರೆ. ಹದಿನೇಳು ವರ್ಷ ಆ ಲೋಟವನ್ನು ದಿನವೂ ನೋಡಿದ್ದೇನೆ, ಅಂದು ಮೊದಲ ಸಲ ಕಂಡಿತು. ಒಂದೇ ಸಾಲಿನಲ್ಲಿ ನಮಾಜ್ ಮಾಡುವ ಮನೆ ನಮ್ಮದು. ಈ ಲೋಟ ಯಾಕೆ ಎಂದು ಅಮ್ಮಿಗೆ ಕೇಳಿದೆ. ದಾದಿ ಕಾಲದಿಂದ ಇದೆ, ಅದರಲ್ಲಿ ಏನಿದೆ ಎಂದರು. ಅಮ್ಮಿ ಕೆಟ್ಟವರಲ್ಲ. ಆ ಅಣ್ಣನ ಮಗಳ ಜ್ವರಕ್ಕೆ ರಾತ್ರಿ ಆಸ್ಪತ್ರೆಗೆ ಜೊತೆ ಹೋದವರು ಅವರೇ. ನಮಗೆ ಮನೆ ಕೊಡದ ನಾಲ್ವರೂ ಬಹುಶಃ ಹೀಗೆಯೇ ಒಳ್ಳೆಯವರು.

ಲೋಹಿಯಾ ದೊಡ್ಡವರೆಂದು ನನಗೆ ಅನಿಸಿದ್ದು ಇಲ್ಲಿ. ಅವರು ಹುಟ್ಟಿದ್ದು ವ್ಯಾಪಾರಿ ಜಾತಿಯಲ್ಲಿ. ಈ ದೇಶದಲ್ಲಿ ಅಧಿಕಾರ, ಹಣ, ವಿದ್ಯೆಗಳು ಕೆಲವೇ ಜಾತಿಗಳ ಕೈಯಲ್ಲಿವೆ ಎಂದು ಹೇಳುವಾಗ ತಮ್ಮ ಜಾತಿಯನ್ನು ಬಿಟ್ಟು ಹೇಳಲಿಲ್ಲ. ಹಿಂದುಳಿದವರು, ದಲಿತರು, ಆದಿವಾಸಿಗಳು, ಮಹಿಳೆಯರು, ಮುಸ್ಲಿಮರೂ ಸೇರಿದಂತೆ ಅಲ್ಪಸಂಖ್ಯಾತರಲ್ಲಿನ ಹಿಂದುಳಿದವರು, ಇವರಿಗೆಲ್ಲ ಸೇರಿ ನೂರಕ್ಕೆ 60 ಅವಕಾಶ ಬೇಕೆಂದರು. ಮುಸ್ಲಿಮರನ್ನೂ ಅವರು ಒಂದೇ ಗುಂಪೆಂದು ನೋಡಲಿಲ್ಲ, ನಮ್ಮೊಳಗೂ ಮೇಲಿನವರು ಕೆಳಗಿನವರು ಇದ್ದಾರೆಂದು ತಿಳಿದಿದ್ದರು. ರಜಿಯಾ, ಶೇರ್ ಶಾ, ಜಾಯಸಿ ಇವರನ್ನು ಹಿಂದೂಗಳೂ ತಮ್ಮ ಪೂರ್ವಿಕರೆಂದು ಒಪ್ಪಿಕೊಳ್ಳಬೇಕೆಂದು ಹೇಳುತ್ತಿದ್ದರು.

1963ರಲ್ಲಿ ಫರೂಕಾಬಾದ್ ಉಪಚುನಾವಣೆ ಗೆದ್ದು ಅವರು ಮೊದಲ ಬಾರಿ ಲೋಕಸಭೆಗೆ ಬಂದರು. ಅಲ್ಲಿ ನಡೆದ ಮೂರಾಣೆಯ ಚರ್ಚೆ ವಾಣಿಜ್ಯ ವಿದ್ಯಾರ್ಥಿಗಳೆಲ್ಲ ತಿಳಿಯಬೇಕಾದದ್ದು. ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಲೋಹಿಯಾ ಲೆಕ್ಕ ಮುಂದಿಟ್ಟರು. ಸರ್ಕಾರ ಹದಿನೈದಾಣೆ ಎಂದಿತು. ಇಡೀ ದೇಶದ ಸರಾಸರಿ ತೆಗೆದರೆ ಶ್ರೀಮಂತರ ಆದಾಯವೂ ಬಡವರ ಲೆಕ್ಕಕ್ಕೆ ಸೇರಿಬಿಡುತ್ತದೆ, ಕೆಳಗಿನವರದನ್ನು ಬೇರೆ ಮಾಡಿ ಲೆಕ್ಕ ಹಾಕಬೇಕು ಎಂಬುದು ಅವರ ಪಟ್ಟು. ಅವರಿಗೆ ಸ್ವಂತ ಮನೆ ಇರಲಿಲ್ಲ, ಮದುವೆಯಾಗಲಿಲ್ಲ. 1967ರ ಅಕ್ಟೋಬರ್ 12ರಂದು, ಶಸ್ತ್ರಚಿಕಿತ್ಸೆಯ ನಂತರ ದೆಹಲಿಯ ವಿಲಿಂಗ್ಡನ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ಅವರಿಗೆ 57 ವರ್ಷ. ಆ ಆಸ್ಪತ್ರೆಗೆ ಈಗ ಅವರದೇ ಹೆಸರಿದೆ.

ಕಾಗೋಡು ಹೋರಾಟದ ಫಲ ಅವರು ಕಣ್ಣಾರೆ ಕಾಣಲಿಲ್ಲ. ಗೋಪಾಲಗೌಡರು 1952ರ ಚುನಾವಣೆಯಲ್ಲಿ ಇಲ್ಲಿಂದಲೇ ಗೆದ್ದು ವಿಧಾನಸಭೆಗೆ ಹೋದರು, ಗೇಣಿದಾರರ ಪರ ಮಾತಾಡುತ್ತಲೇ ಇದ್ದರು, 1972ರಲ್ಲಿ ತೀರಿಕೊಂಡರು. ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಉಳುವವನೇ ಹೊಲದೊಡೆಯ ಎಂಬುದು ಕಾನೂನಾಗಿ ಜಾರಿಗೆ ಬಂತು. ಗದ್ದೆಗೆ ಇಳಿದು 23 ವರ್ಷದ ಮೇಲೆ. ಅಜ್ಜಿಯ ತವರಿನವರಿಗೆ ಜಮೀನು ಸಿಕ್ಕಿತು. ಅವರ ಅಣ್ಣನ ಮೊಮ್ಮಗಳು ಈಗ ಇಂಜಿನಿಯರ್. ಮುಳುಗಿದ ಗದ್ದೆಗೆ ಮಾತ್ರ ಯಾವ ಕಾನೂನೂ ಬರಲಿಲ್ಲ.

ನಮ್ಮ ಮನೆಯ ಲೋಟದ ವಿಷಯ ಹೇಳಿ ಮುಗಿಸುತ್ತೇನೆ. ಮರುದಿನ ನಾನು ಆ ಅಣ್ಣನಿಗೆ ನಾವು ಕುಡಿಯುವ ಕಪ್ಪಿನಲ್ಲೇ ಚಹಾ ಕೊಟ್ಟೆ. ಅವರು ತೆಗೆದುಕೊಳ್ಳದೆ ಕಿಟಕಿಯ ಕಡೆ ನೋಡಿದರು, ತಮ್ಮ ಲೋಟ ಎಲ್ಲಿ ಎಂದು ಕೇಳಿದರು. ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ತಪ್ಪು ಎಣಿಸಿದವರು ತಾವೇ ಎಂದು ನಂಬಿದ್ದ ಅಜ್ಜಿಯ ಅಪ್ಪ ನೆನಪಾದರು. ಎರಡು ವಾರ ಹೀಗೆಯೇ ನಡೆಯಿತು. ನಾನು ಕಪ್ಪು ಕೊಡುವುದು, ಅವರು ನಿಂತುಕೊಂಡೇ ಅವಸರದಲ್ಲಿ ಕುಡಿದು ತೊಳೆದಿಡುವುದು. ಒಂದು ದಿನ ಅಮ್ಮಿಯೇ ಕಪ್ಪನ್ನು ಅವರ ಕೈಯಿಂದ ತೆಗೆದುಕೊಂಡು ತಾವೇ ತೊಳೆದರು. ಈಗ ಅವರು ಕೂತು ಕುಡಿಯುತ್ತಾರೆ. ಇದು ಬಹಳ ಸಣ್ಣ ವಿಷಯವೆಂದು ನನಗೆ ಗೊತ್ತು. ಅವರ ಮಗಳು ಎಂಟನೇ ತರಗತಿಯಲ್ಲಿದ್ದಾಳೆ. ಭಾನುವಾರ ಅವಳಿಗೆ ಲೆಕ್ಕ ಹೇಳಿಕೊಡುವುದಾಗಿ ಒಪ್ಪಿಕೊಂಡಿದ್ದೇನೆ.

ಈ ಲೇಖನ ಓದಿದವರು ತಮ್ಮ ಮನೆಯ ಕಿಟಕಿಯನ್ನೊಮ್ಮೆ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಸಂಚಿಕೆ ಅಚ್ಚಾಗಿ ಬಂದ ಮೇಲೆ ಒಂದು ಪ್ರತಿಯನ್ನು ಹೊನ್ನೆಮರಡಿಗೆ ತೆಗೆದುಕೊಂಡು ಹೋಗುತ್ತೇನೆ. ಅಜ್ಜಿಗೆ ಓದಲು ಬರುವುದಿಲ್ಲ, ನಾನೇ ಓದಿ ಹೇಳಬೇಕು. ಅವರು ಬಾಲ್ಯದಲ್ಲಿ ಗುಂಪಿನ ನಡುವೆ ಕಾಣದ ಮನುಷ್ಯ ಯಾರೆಂದು ತಿಳಿಸಬೇಕು.